ಮನೆಯ ಎಲ್ಲ ಕಂಪ್ಯೂಟರ್‌ಗಳಿಗೂ ಒಂದೇ ಹಾಡಿನ ಸಂಗ್ರಹ: ಜೋಡಿಸುವುದು ಹೇಗೆ?

ಮನೆಯಲ್ಲಿ ಎರಡು ಮೂರು ಕಂಪ್ಯೂಟರ್ ಇದ್ದರೆ ಹಾಡುಗಳು ಚೆಲ್ಲಾಪಿಲ್ಲಿಯಾಗಿರುತ್ತವೆ. ಹಳೆಯ ಡೆಸ್ಕ್‌ಟಾಪ್‌ನಲ್ಲಿ ಒಂದಷ್ಟು, ಲ್ಯಾಪ್‌ಟಾಪ್‌ನಲ್ಲಿ ಒಂದಷ್ಟು, ಉಳಿದದ್ದು ಯಾವುದೋ ಪೆನ್‌ಡ್ರೈವ್‌ನಲ್ಲಿ. ಒಂದೇ ಆಲ್ಬಂ ಮೂರು ಕಡೆ ಇರುತ್ತದೆ, ಮೂರು ಕಡೆಯೂ ಬೇರೆ ಬೇರೆ ಹೆಸರಲ್ಲಿ. ಒಂದು ಕಡೆ ಕೂತು ಹೆಸರು ಸರಿಮಾಡಿದರೆ ಇನ್ನೆರಡು ಕಡೆ ಹಳೇ ತಪ್ಪು ಹಾಗೇ ಉಳಿಯುತ್ತದೆ.

ಎಲ್ಲ ಹಾಡನ್ನೂ ಒಂದು ಯಂತ್ರದಲ್ಲಿಟ್ಟು, ಉಳಿದ ಕಂಪ್ಯೂಟರ್‌ಗಳಿಂದ ಮನೆಯ ನೆಟ್‌ವರ್ಕ್ ಮೂಲಕ ಅದನ್ನೇ ಕೇಳುವಂತೆ ಮಾಡಿದರೆ ಈ ತಲೆನೋವು ತಪ್ಪುತ್ತದೆ. ಇದಕ್ಕೆ ಇಂಟರ್ನೆಟ್ ಬೇಕಿಲ್ಲ, ರೌಟರ್ ಒಂದಿದ್ದರೆ ಸಾಕು. ಯಾವ ಸಾಫ್ಟ್‌ವೇರ್ ಬಳಸಬೇಕು ಅಂತ ಜನ ತುಂಬಾ ಚರ್ಚೆ ಮಾಡುತ್ತಾರೆ. ನನ್ನ ಪ್ರಕಾರ ಅದು ಎರಡನೆಯ ಪ್ರಶ್ನೆ. ಮೊದಲು ಒಂದು ನಿಯಮ ಹಾಕಿಕೊಳ್ಳಿ: ಹಾಡುಗಳು ಒಂದೇ ಕಡೆ ಇರಬೇಕು, ಅವನ್ನು ಬದಲಾಯಿಸುವ ಹಕ್ಕು ಒಂದೇ ಖಾತೆಗೆ ಇರಬೇಕು. ಉಳಿದವರೆಲ್ಲ ಓದಬಹುದು, ಕೇಳಬಹುದು, ಮುಟ್ಟುವಂತಿಲ್ಲ. ಕೆಳಗೆ ಬರುವ ಹೆಚ್ಚಿನ ಹೆಜ್ಜೆಗಳು ಈ ನಿಯಮವನ್ನು ಜಾರಿಗೆ ತರುವುದಕ್ಕಾಗಿಯೇ ಇವೆ.

ಮೊದಲ ಹೆಜ್ಜೆ: ಹಾಡು ಇಡುವ ಯಂತ್ರ

ಹಾಡು ಹಂಚುವುದು ಕಂಪ್ಯೂಟರ್‌ಗೆ ತೀರಾ ಹಗುರ ಕೆಲಸ. ಸಿಡಿ ಗುಣಮಟ್ಟದ ಧ್ವನಿಗೆ ಸೆಕೆಂಡಿಗೆ 1,411 ಕಿಲೋಬಿಟ್ ಬೇಕು. ಅದನ್ನೇ ಫ್ಲ್ಯಾಕ್ ಆಗಿ, ಅಂದರೆ ಗುಣಮಟ್ಟ ಕಳೆಯದ ರೂಪದಲ್ಲಿ, ಕುಗ್ಗಿಸಿದರೆ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ಒಳ್ಳೆಯ ಎಂಪಿ3ಗೆ 320 ಕಿಲೋಬಿಟ್ ಸಾಕು. ಹತ್ತು ವರ್ಷ ಹಳೆಯ ಲ್ಯಾಪ್‌ಟಾಪ್ ಕೂಡ ಇಡೀ ಮನೆಗೆ ಏಕಕಾಲದಲ್ಲಿ ಹಾಡು ಕೊಡಬಲ್ಲದು. ಮೂಲೆಯಲ್ಲಿ ಬಿದ್ದಿರುವ ಡೆಸ್ಕ್‌ಟಾಪ್ ಆಗಬಹುದು, ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಆಗಬಹುದು, ನೆಟ್‌ವರ್ಕ್‌ನಲ್ಲಿ ಫೈಲ್ ಹಂಚಲೆಂದೇ ಮಾಡಿದ, ಡಿಸ್ಕ್ ಹಾಕುವ ನ್ಯಾಸ್ ಪೆಟ್ಟಿಗೆಯೂ ಆಗಬಹುದು. ಹೊಸದಾಗಿ ಕೊಳ್ಳುವ ಮುಂಚೆ ಮನೆಯಲ್ಲಿ ಏನಿದೆ ನೋಡಿ.

ಕೆಲವು ರೌಟರ್‌ಗಳ ಯುಎಸ್‌ಬಿ ಕಿಂಡಿಗೆ ಹಾರ್ಡ್‌ಡಿಸ್ಕ್ ಸಿಕ್ಕಿಸಿ ಹಂಚುವ ಸೌಲಭ್ಯವೂ ಇರುತ್ತದೆ. ಚಿಕ್ಕ ಸಂಗ್ರಹಕ್ಕೆ ಪರವಾಗಿಲ್ಲ. ಆದರೆ ಹಳೆಯ ರೌಟರ್‌ಗಳಲ್ಲಿ ಎಸ್‌ಎಂಬಿ ಒಂದನೇ ಆವೃತ್ತಿ ಮಾತ್ರ ಇರುವುದುಂಟು. ಎಸ್‌ಎಂಬಿ ಅಂದರೆ ನೆಟ್‌ವರ್ಕ್‌ನಲ್ಲಿ ಫೋಲ್ಡರ್ ಹಂಚಿಕೊಳ್ಳಲು ಬಳಸುವ ಪ್ರೋಟೋಕಾಲ್. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ರಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ಕುತಂತ್ರಾಂಶ) ಲೋಕವಿಡೀ ಹಬ್ಬಿದ್ದು ಆ ಒಂದನೇ ಆವೃತ್ತಿಯಲ್ಲಿದ್ದ ದೋಷ ಹಿಡಿದುಕೊಂಡೇ. ಈಗಿನ ವಿಂಡೋಸ್‌ನಲ್ಲಿ ಅದು ಚಾಲೂ ಇರುವುದಿಲ್ಲ. 'ಎಸ್‌ಎಂಬಿ ಒಂದನ್ನು ಆನ್ ಮಾಡಿಕೊಳ್ಳಿ' ಎಂಬ ಸಲಹೆ ಎಲ್ಲಾದರೂ ಕಂಡರೆ ಕೇಳಬೇಡಿ. ಆ ರೌಟರ್ ಬಿಟ್ಟು ಬೇರೆ ಯಂತ್ರ ನೋಡಿಕೊಳ್ಳಿ.

ಜಾಗದ ಲೆಕ್ಕ ಸುಲಭ. ನಾಲ್ಕು ನಿಮಿಷದ ಹಾಡು 320 ಕಿಲೋಬಿಟ್ ಎಂಪಿ3ಯಲ್ಲಿ ಸುಮಾರು 10 ಎಂಬಿ, ಫ್ಲ್ಯಾಕ್‌ನಲ್ಲಿ ಸುಮಾರು 25 ಎಂಬಿ. ಅಂದರೆ 1 ಟಿಬಿ ಡಿಸ್ಕ್‌ನಲ್ಲಿ ಸಾವಿರಾರು ಆಲ್ಬಂ ಹಿಡಿಸುತ್ತದೆ. ಡಿಸ್ಕ್ ಕೊಳ್ಳುವುದಾದರೆ ಒಂದಲ್ಲ, ಎರಡು ಕೊಳ್ಳಿ. ಎರಡನೆಯದು ಬ್ಯಾಕಪ್‌ಗೆ.

ಯಂತ್ರ ಗೊತ್ತಾದ ಮೇಲೆ ಅದು ನಿದ್ದೆಗೆ ಹೋಗದಂತೆ ಮಾಡಿ. ಪವರ್ ಸೆಟ್ಟಿಂಗ್ಸ್‌ನಲ್ಲಿ ಸ್ಲೀಪ್ ಅನ್ನು 'ನೆವರ್' ಮಾಡಿ, ಸ್ಕ್ರೀನ್ ಮಾತ್ರ ಆರಲಿ. ಲ್ಯಾಪ್‌ಟಾಪ್ ಆದರೆ ಮುಚ್ಚಳ ಮುಚ್ಚಿದಾಗ ಏನೂ ಆಗಬಾರದು ಅಂತಲೂ ಹೇಳಿಡಬೇಕು. ಹಾಡು ಕೇಳುತ್ತಾ ಕೂತಿದ್ದಾಗ ಅರ್ಧಕ್ಕೆ ನಿಂತುಹೋಯಿತು ಅನ್ನುವ ದೂರಿನ ಹಿಂದೆ ಹಲವು ಸಲ ಈ ನಿದ್ದೆಯೇ ಇರುತ್ತದೆ.

ಎರಡನೆಯ ಹೆಜ್ಜೆ: ತಂತಿ ಮತ್ತು ವಿಳಾಸ

ಹಾಡು ಇರುವ ಯಂತ್ರವನ್ನು ರೌಟರ್‌ಗೆ ತಂತಿಯಲ್ಲೇ ಜೋಡಿಸಿ. ಎರಡೂ ಕಡೆ ವೈಫೈ ಇದ್ದರೆ ಪ್ರತಿ ಹಾಡು ಗಾಳಿಯಲ್ಲಿ ಎರಡು ಸಲ ಸಾಗಬೇಕಾಗುತ್ತದೆ: ಯಂತ್ರದಿಂದ ರೌಟರ್‌ಗೆ ಒಮ್ಮೆ, ರೌಟರ್‌ನಿಂದ ನಿಮಗೆ ಒಮ್ಮೆ. ಬರೀ ಕೇಳುವುದಕ್ಕೆ ಅದೂ ನಡೆಯುತ್ತದೆ. ಆದರೆ ಮೊದಲ ಸಲ ಎಲ್ಲವನ್ನೂ ತುಂಬಿಸುವಾಗ ವ್ಯತ್ಯಾಸ ಗೊತ್ತಾಗುತ್ತದೆ. 300 ಜಿಬಿ ಸಂಗ್ರಹ ಗಿಗಾಬಿಟ್ ತಂತಿಯಲ್ಲಿ ಒಂದು ಗಂಟೆಯ ಆಸುಪಾಸಿನಲ್ಲಿ ಬಂದು ಬೀಳುತ್ತದೆ. ಹಳೆಯ 100 ಮೆಗಾಬಿಟ್ ಕಿಂಡಿಯಲ್ಲಿ ಏಳೆಂಟು ಗಂಟೆ ಬೇಕು.

ಆಮೇಲೆ ಬ್ರೌಸರ್‌ನಲ್ಲಿ ರೌಟರ್‌ನ ಸೆಟ್ಟಿಂಗ್ಸ್ ಪುಟಕ್ಕೆ ಹೋಗಿ ಆ ಯಂತ್ರಕ್ಕೆ ಕಾಯಂ ವಿಳಾಸ ಕೊಡಿ. ಡಿಎಚ್‌ಸಿಪಿ ರಿಸರ್ವೇಶನ್ ಅಥವಾ ಅಡ್ರೆಸ್ ರಿಸರ್ವೇಶನ್ ಎಂಬ ಹೆಸರಲ್ಲಿ ಇರುತ್ತದೆ. ಯಂತ್ರದ ಮ್ಯಾಕ್ ಅಡ್ರೆಸ್ (ಅದರ ನೆಟ್‌ವರ್ಕ್ ಕಾರ್ಡ್‌ನ ಗುರುತಿನ ಸಂಖ್ಯೆ) ಆರಿಸಿ, 192.168.1.20 ತರಹದ ಒಂದು ವಿಳಾಸ ಕಟ್ಟಿಬಿಡಿ. ಹೀಗೆ ಮಾಡದಿದ್ದರೆ ಯಾವತ್ತೋ ಕರೆಂಟ್ ಹೋಗಿ ಬಂದ ಮೇಲೆ ಯಂತ್ರಕ್ಕೆ ಬೇರೆ ವಿಳಾಸ ಸಿಕ್ಕಿ, ಎಲ್ಲ ಕಂಪ್ಯೂಟರ್‌ಗಳೂ ಹಾಡು ಕಾಣುತ್ತಿಲ್ಲ ಅನ್ನಬಹುದು.

ಮೂರನೆಯ ಹೆಜ್ಜೆ: ಹಂಚುವ ಮೊದಲು ಅಚ್ಚುಕಟ್ಟು ಮಾಡಿ

ಹೆಚ್ಚು ಹೊತ್ತು ಹಿಡಿಯುವುದು ಇದೇ ಹೆಜ್ಜೆ. ಇದನ್ನು ಹಾರಿಸಿ ಮುಂದೆ ಹೋದರೆ ಕಸವನ್ನೇ ಎಲ್ಲರಿಗೂ ಹಂಚಿದಂತಾಗುತ್ತದೆ. ಹಾಗಾಗಿ ನಿಧಾನವಾಗಿ ಮಾಡಿ.

ಮೊದಲು ಎಲ್ಲ ಕಡೆಯಿಂದ ಹಾಡುಗಳನ್ನು ಹೊಸ ಡಿಸ್ಕ್‌ಗೆ ಕಾಪಿ ಮಾಡಿ. ಕಟ್ ಅಲ್ಲ, ಕಾಪಿ. ಹೊಸ ವ್ಯವಸ್ಥೆ ಸರಿಯಾಗಿ ನಡೆದು, ಬ್ಯಾಕಪ್ ಕೂಡ ಆಗುವವರೆಗೆ ಹಳೆಯವನ್ನು ಅಳಿಸಬೇಡಿ. ಒಂದೇ ಆಲ್ಬಂ ಎರಡು ರೂಪದಲ್ಲಿದ್ದರೆ ಫ್ಲ್ಯಾಕ್ ಇಟ್ಟುಕೊಂಡು ಎಂಪಿ3 ಬಿಡಿ. ಎಂಪಿ3ಯನ್ನು ಫ್ಲ್ಯಾಕ್‌ಗೆ ಪರಿವರ್ತಿಸಿ ಏನೂ ಪ್ರಯೋಜನವಿಲ್ಲ. ಕಳೆದುಹೋದ ಧ್ವನಿ ವಾಪಸ್ ಬರುವುದಿಲ್ಲ, ಫೈಲ್ ಮಾತ್ರ ದಪ್ಪ ಆಗುತ್ತದೆ.

ಫೋಲ್ಡರ್‌ಗಳಿಗೆ ಒಂದೇ ಕ್ರಮ ಇರಲಿ. ಕಲಾವಿದರ ಹೆಸರು, ಅದರೊಳಗೆ ಆಲ್ಬಂ, ಅದರೊಳಗೆ ಹಾಡುಗಳು. ಹಾಡಿನ ಫೈಲ್ ಹೆಸರಿನ ಆರಂಭದಲ್ಲಿ 01, 02 ಅಂತ ಎರಡಂಕಿ ಹಾಕಿ. ಬರೀ 1, 2 ಅಂತ ಹಾಕಿದರೆ ಕೆಲವು ಪ್ಲೇಯರ್‌ಗಳಲ್ಲಿ ಒಂದರ ಪಕ್ಕ ಹತ್ತು ಬಂದು ಕೂರುತ್ತದೆ. ಹೆಸರಿನಲ್ಲಿ ಪ್ರಶ್ನಾರ್ಥಕ ಚಿಹ್ನೆ, ಕೋಲನ್, ನಕ್ಷತ್ರ ಚಿಹ್ನೆ, ಓರೆಗೆರೆ ಬೇಡ. ಲಿನಕ್ಸ್ ಇವುಗಳಲ್ಲಿ ಹೆಚ್ಚಿನವನ್ನು ಒಪ್ಪುತ್ತದೆ, ವಿಂಡೋಸ್ ಒಪ್ಪುವುದಿಲ್ಲ. ಇನ್ನೊಂದು ವಿಷಯ, ಲಿನಕ್ಸ್‌ನಲ್ಲಿ ಇಂಗ್ಲಿಷ್‌ನ ದೊಡ್ಡಕ್ಷರ ಸಣ್ಣಕ್ಷರ ಬೇರೆ ಬೇರೆ. ಒಂದೇ ಗಾಯಕನ ಹೆಸರು ಎರಡು ರೀತಿ ಇದ್ದರೆ ಅಲ್ಲಿ ಎರಡು ಫೋಲ್ಡರ್ ಆಗುತ್ತದೆ. ವಿಂಡೋಸ್‌ನಿಂದ ನೋಡಿದಾಗ ಗೊಂದಲ.

ಈಗ ಟ್ಯಾಗ್. ಫೈಲ್‌ನ ಹೆಸರು ಬೇರೆ, ಫೈಲ್‌ನೊಳಗೆ ಬರೆದಿರುವ ಟ್ಯಾಗ್ (ಹಾಡು, ಗಾಯಕರು, ಆಲ್ಬಂ ಇತ್ಯಾದಿ ವಿವರ) ಬೇರೆ. ಮ್ಯೂಸಿಕ್ ಪ್ಲೇಯರ್‌ಗಳು ಸಾಮಾನ್ಯವಾಗಿ ನೋಡುವುದು ಟ್ಯಾಗನ್ನೇ. ಒಂದು ಉದಾಹರಣೆ ನೋಡಿ. ಒಂದು ಆಲ್ಬಂನಲ್ಲಿ ಎಂಟು ಹಾಡು. ಮೂರನ್ನು ಒಬ್ಬರೇ ಹಾಡಿದ್ದಾರೆ, ಎರಡು ಯುಗಳ ಗೀತೆ, ಎರಡಕ್ಕೆ ಬೇರೆ ಗಾಯಕಿ, ಒಂದು ಬರೀ ವಾದ್ಯ. ಪ್ರತಿ ಹಾಡಿನ 'ಆರ್ಟಿಸ್ಟ್' ಜಾಗದಲ್ಲಿ ಆಯಾ ಹಾಡಿನ ಗಾಯಕರ ಹೆಸರಿದೆ, ಅದು ಸರಿಯೇ. ಆದರೆ 'ಆಲ್ಬಂ ಆರ್ಟಿಸ್ಟ್' ಎಂಬ ಇನ್ನೊಂದು ಜಾಗ ಖಾಲಿ ಇದೆ. ಇಂಥ ಆಲ್ಬಂ ಎಷ್ಟೋ ಪ್ಲೇಯರ್‌ಗಳಲ್ಲಿ ನಾಲ್ಕು ತುಂಡಾಗುತ್ತದೆ. ಒಂದೇ ಚಿತ್ರ, ಒಂದೇ ಹೆಸರು, ನಾಲ್ಕು ಆಲ್ಬಂ! ಎಂಟೂ ಹಾಡು ಒಟ್ಟಿಗೆ ಆರಿಸಿ, ಆಲ್ಬಂ ಆರ್ಟಿಸ್ಟ್ ಜಾಗದಲ್ಲಿ ಸಂಗೀತ ನಿರ್ದೇಶಕರ ಹೆಸರನ್ನೋ 'ವಿವಿಧ ಗಾಯಕರು' ಅಂತಲೋ ಒಂದೇ ಥರ ತುಂಬಿ. ತುಂಡುಗಳು ಕೂಡಿಕೊಳ್ಳುತ್ತವೆ. ಚಲನಚಿತ್ರ ಗೀತೆಗಳ ಸಂಗ್ರಹ ಜಾಸ್ತಿ ಇರುವವರು ಇದೊಂದು ಕೆಲಸ ಮಾಡಿದರೆ ಅರ್ಧ ಗೆದ್ದಂತೆ.

ಟ್ಯಾಗ್ ತಿದ್ದುವ ಈ ಕೆಲಸಕ್ಕೆ ವಿಂಡೋಸ್‌ನಲ್ಲಿ ಎಂಪಿ3ಟ್ಯಾಗ್ ಎಂಬ ಸಾಫ್ಟ್‌ವೇರ್ ಒಳ್ಳೆಯದು. ಮ್ಯೂಸಿಕ್‌ಬ್ರೇನ್ಜ್ ಪಿಕಾರ್ಡ್ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಹಾಡಿನ ಧ್ವನಿಯನ್ನೇ ಆಲಿಸಿ ಗುರುತು ಹಿಡಿಯುವ ಸಾಮರ್ಥ್ಯವೂ ಅದಕ್ಕಿದೆ. ಆದರೆ ಅದು ಹೇಳಿದ್ದಕ್ಕೆಲ್ಲ ಕಣ್ಣು ಮುಚ್ಚಿ ಸೇವ್ ಒತ್ತಬೇಡಿ. ಅದರ ಡೇಟಾಬೇಸ್‌ನಲ್ಲಿ ಇಲ್ಲದ ಆಲ್ಬಂಗಳಿಗೆ ಬೇರೆ ಯಾವುದೋ ಹೆಸರು ಅಂಟಿಸಬಹುದು. ಒಂದೊಂದೇ ಆಲ್ಬಂ ನೋಡಿ ಒಪ್ಪಿಗೆ ಕೊಡಿ. ಟ್ಯಾಗ್ ಕನ್ನಡದಲ್ಲಿ ಬರೆಯುವವರು ಎಂಪಿ3 ಟ್ಯಾಗ್‌ನ ಮಾದರಿಯಾದ ಐಡಿ3ಯ ಎರಡನೇ ಆವೃತ್ತಿಯಲ್ಲೇ, ಯೂನಿಕೋಡ್‌ನಲ್ಲಿ ಸೇವ್ ಮಾಡಿ. ಒಂದನೇ ಆವೃತ್ತಿಯಲ್ಲಿ ಹೆಸರಿಗೆ ಬರೀ 30 ಬೈಟ್ ಜಾಗ, ಕನ್ನಡಕ್ಕೆ ಅದು ಒಗ್ಗುವುದಿಲ್ಲ. ಹಾಡಿನ ಹೆಸರಿನ ಬದಲು ಪ್ರಶ್ನೆ ಚಿಹ್ನೆಗಳ ಸಾಲು ಕಾಣುವುದು ಇಂಥ ಕಡೆಯೇ.

ನಾಲ್ಕನೆಯ ಹೆಜ್ಜೆ: ಫೋಲ್ಡರ್ ಹಂಚುವುದು

ಹಾಡು ಇರುವ ಯಂತ್ರ ವಿಂಡೋಸ್ ಅಂದುಕೊಳ್ಳೋಣ. ಹಳೆಯ ಲೇಖನಗಳಲ್ಲಿ ವಿಂಡೋಸ್‌ನ ಹಳೆಯ ಹಂಚಿಕೆ ಸೌಲಭ್ಯ ಹೋಮ್‌ಗ್ರೂಪ್ ಬಳಸಿ ಅಂತ ಇರುತ್ತದೆ. ಅದನ್ನು 2018ರಲ್ಲೇ ವಿಂಡೋಸ್ 10ರಿಂದ ತೆಗೆದುಹಾಕಿದ್ದಾರೆ, ಹುಡುಕುತ್ತಾ ಕೂರಬೇಡಿ.

ಮೊದಲು ಆ ಯಂತ್ರದಲ್ಲಿ ಹಾಡು ಕೇಳುವವರಿಗಾಗಿಯೇ ಒಂದು ಲೋಕಲ್ ಖಾತೆ ತೆರೆಯಿರಿ. 'ಕೇಳುಗ' ಅನ್ನುವ ಅರ್ಥ ಬರುವ ಯಾವುದಾದರೂ ಚಿಕ್ಕ ಇಂಗ್ಲಿಷ್ ಹೆಸರು ಸಾಕು. ಪಾಸ್‌ವರ್ಡ್ ಕಡ್ಡಾಯವಾಗಿ ಇಡಿ. ಪಾಸ್‌ವರ್ಡ್ ಇಲ್ಲದ ಖಾತೆಯನ್ನು ವಿಂಡೋಸ್ ನೆಟ್‌ವರ್ಕ್ ಮೂಲಕ ಒಳಗೆ ಬಿಡುವುದಿಲ್ಲ. ಪಿನ್ ಕೂಡ ಕೆಲಸಕ್ಕೆ ಬರುವುದಿಲ್ಲ, ಅದು ಆ ಯಂತ್ರದ ಮುಂದೆ ಕೂತಾಗ ಮಾತ್ರ. ದಿನಾ ಪಿನ್ ಒತ್ತಿ ರೂಢಿಯಾದವರು ಇನ್ನೊಂದು ಕಂಪ್ಯೂಟರ್‌ನಿಂದಲೂ ಅದನ್ನೇ ಒತ್ತಿ, ಯಾಕೆ ತೆರೆಯುತ್ತಿಲ್ಲ ಅಂತ ಒದ್ದಾಡುವುದು ಇಲ್ಲಿಯೇ.

ನಂತರ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಪ್ರೊಫೈಲ್ 'ಪ್ರೈವೇಟ್' ಇದೆಯಾ ನೋಡಿ. 'ಪಬ್ಲಿಕ್' ಇದ್ದರೆ ಫೈರ್‌ವಾಲ್ ಬಾಗಿಲು ಹಾಕಿರುತ್ತದೆ. ನೆಟ್‌ವರ್ಕ್ ಡಿಸ್ಕವರಿ, ಫೈಲ್ ಅಂಡ್ ಪ್ರಿಂಟರ್ ಶೇರಿಂಗ್ ಎರಡನ್ನೂ ಆನ್ ಮಾಡಿ.

ಈಗ ಹಾಡಿನ ಫೋಲ್ಡರ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಶೇರಿಂಗ್, ಅಡ್ವಾನ್ಸ್ಡ್ ಶೇರಿಂಗ್. 'ಶೇರ್ ದಿಸ್ ಫೋಲ್ಡರ್' ಟಿಕ್ ಮಾಡಿ, ಜಾಗ ಬಿಡದೆ ಒಂದು ಚಿಕ್ಕ ಇಂಗ್ಲಿಷ್ ಹೆಸರು ಕೊಡಿ. ಪರ್ಮಿಷನ್ಸ್ ಒತ್ತಿ, ಅಲ್ಲಿರುವ 'ಎವ್ರಿವನ್' ತೆಗೆದು, ಕೇಳುಗ ಖಾತೆ ಸೇರಿಸಿ 'ರೀಡ್' ಮಾತ್ರ ಕೊಡಿ. ಸೆಕ್ಯುರಿಟಿ ಟ್ಯಾಬ್‌ನಲ್ಲೂ ಆ ಖಾತೆಗೆ ಓದುವ ಅನುಮತಿ ಇರಬೇಕು. ಎರಡು ಕಡೆ ಅನುಮತಿ ಬೇರೆ ಬೇರೆ ಇದ್ದರೆ ಯಾವುದು ಬಿಗಿಯೋ ಅದೇ ನಡೆಯುತ್ತದೆ.

ಲಿನಕ್ಸ್ ಯಂತ್ರವಾದರೆ ಇದೇ ಕೆಲಸವನ್ನು ಸಾಂಬಾ ಎಂಬ ಸಾಫ್ಟ್‌ವೇರ್ ಮಾಡುತ್ತದೆ. ಅದರಲ್ಲಿ ಪಾಸ್‌ವರ್ಡ್‌ಗಳ ಪಟ್ಟಿ ಬೇರೆಯೇ ಇರುತ್ತದೆ. ಲಿನಕ್ಸ್ ಖಾತೆ ಮಾಡಿದರಷ್ಟೇ ಸಾಲದು, ಸಾಂಬಾಗೂ ಆ ಹೆಸರು ಮತ್ತು ಪಾಸ್‌ವರ್ಡ್ ತಿಳಿಸಬೇಕು. ನ್ಯಾಸ್ ಪೆಟ್ಟಿಗೆಯಲ್ಲಾದರೆ ಎಲ್ಲ ಬ್ರೌಸರ್‌ನಲ್ಲೇ ಆಗುತ್ತದೆ: ಹೊಸ ಬಳಕೆದಾರ, ಹೊಸ ಶೇರ್, ಓದುವ ಹಕ್ಕು. ನಿಯಮ ಒಂದೇ, ಬಟನ್‌ಗಳ ಹೆಸರು ಮಾತ್ರ ಬೇರೆ.

ಓದುವ ಹಕ್ಕು ಮಾತ್ರ ಯಾಕೆ ಅಂದರೆ, ಪ್ಲೇಯರ್‌ಗಳು ನಮಗೆ ಹೇಳದೆ ಬಹಳ ಕೆಲಸ ಮಾಡುತ್ತವೆ. ಕೆಲವು ನೀವು ಕೊಟ್ಟ ಸ್ಟಾರ್ ರೇಟಿಂಗನ್ನು ಫೈಲ್‌ನೊಳಗೇ ಬರೆಯುತ್ತವೆ. ಕೆಲವು ಆಲ್ಬಂ ಚಿತ್ರ ಇಳಿಸಿ ಫೋಲ್ಡರ್‌ಗೆ ಹಾಕುತ್ತವೆ. ಕೆಲವು ಫೋಲ್ಡರ್‌ಗಳ ಹೆಸರನ್ನೇ ತಮ್ಮ ಪದ್ಧತಿಗೆ ಬದಲಾಯಿಸುತ್ತವೆ. ಮೂರು ಕಂಪ್ಯೂಟರ್‌ಗಳಲ್ಲಿ ಮೂರು ಪ್ಲೇಯರ್ ಹೀಗೆ ಒಂದೇ ಸಂಗ್ರಹದ ಮೇಲೆ ಕೈ ಆಡಿಸಿದರೆ ನೀವು ಮೂರನೆಯ ಹೆಜ್ಜೆಯಲ್ಲಿ ಮಾಡಿದ ಶ್ರಮವೆಲ್ಲ ನೀರುಪಾಲು. ಮನೆಯ ಯಾವುದೋ ಲ್ಯಾಪ್‌ಟಾಪ್‌ಗೆ ವೈರಸ್ ತಗುಲಿದರೂ ಅಷ್ಟೇ, ಅಲ್ಲಿ ಓದುವ ಖಾತೆ ಮಾತ್ರ ಬಳಸಿದ್ದರೆ ಅದು ಈ ಶೇರ್ ಮೂಲಕ ಹಾಡುಗಳನ್ನು ಕೆಡಿಸಲು ಆಗುವುದಿಲ್ಲ. ಹೊಸ ಹಾಡು ಸೇರಿಸಬೇಕಾದಾಗ ಬರೆಯುವ ಹಕ್ಕಿರುವ ಇನ್ನೊಂದು ಖಾತೆಯಿಂದ ಹೋಗಿ ಸೇರಿಸಿದರಾಯಿತು.

ಐದನೆಯ ಹೆಜ್ಜೆ: ಉಳಿದ ಕಂಪ್ಯೂಟರ್‌ಗಳಿಂದ ಜೋಡಿಸಿಕೊಳ್ಳುವುದು

ವಿಂಡೋಸ್‌ನಲ್ಲಿ ಫೈಲ್ ಎಕ್ಸ್‌ಪ್ಲೋರರ್‌ನ 'ಮ್ಯಾಪ್ ನೆಟ್‌ವರ್ಕ್ ಡ್ರೈವ್' ಒತ್ತಿ. ಎರಡು ಹಿಂಬಾಗಿದ ಗೆರೆ, ಯಂತ್ರದ ವಿಳಾಸ, ಇನ್ನೊಂದು ಗೆರೆ, ಶೇರ್‌ನ ಹೆಸರು, ಹೀಗೆ ಬರೆಯಿರಿ. 'ರೀಕನೆಕ್ಟ್ ಅಟ್ ಸೈನ್ ಇನ್' ಟಿಕ್ ಇರಲಿ. ಎಲ್ಲ ಕಂಪ್ಯೂಟರ್‌ಗಳಲ್ಲೂ ಒಂದೇ ಡ್ರೈವ್ ಅಕ್ಷರ ಕೊಡಿ. ಮ್ಯಾಕ್‌ನಲ್ಲಿ ಫೈಂಡರ್‌ನಿಂದ ಕಮಾಂಡ್ ಮತ್ತು ಕೆ ಒತ್ತಿದರೆ 'ಕನೆಕ್ಟ್ ಟು ಸರ್ವರ್' ಬರುತ್ತದೆ. ಎಸ್‌ಎಂಬಿ, ಕೋಲನ್, ಎರಡು ಮುಂದೆಬಾಗಿದ ಗೆರೆ, ಆಮೇಲೆ ವಿಳಾಸ. ಲಿನಕ್ಸ್‌ನ ಫೈಲ್ ಮ್ಯಾನೇಜರ್‌ಗಳಲ್ಲೂ ಇದೇ ಸಾಲು ನಡೆಯುತ್ತದೆ. ಕೇಳಿದಾಗ ಕೇಳುಗ ಖಾತೆಯ ಹೆಸರು, ಪಾಸ್‌ವರ್ಡ್ ಕೊಡಿ, ನೆನಪಿಟ್ಟುಕೋ ಅನ್ನಿ.

ಸರಿಯಾಗಿ ಆಗಿದೆಯಾ ಅಂತ ಪರೀಕ್ಷೆ ಮಾಡಬೇಕು, ಅಲ್ವಾ? ಒಂದು ಹಾಡು ತೆರೆದು ಕೇಳಿ. ಆಮೇಲೆ ಅಲ್ಲೇ ಹೊಸ ಫೋಲ್ಡರ್ ಮಾಡಲು ಯತ್ನಿಸಿ. ಅನುಮತಿ ಇಲ್ಲ ಅಂತ ಬರಬೇಕು. ಬರದಿದ್ದರೆ ನಾಲ್ಕನೆಯ ಹೆಜ್ಜೆಗೆ ವಾಪಸ್ ಹೋಗಿ.

ಆರನೆಯ ಹೆಜ್ಜೆ: ಪ್ಲೇಯರ್‌ಗೆ ತೋರಿಸುವುದು

ವಿಂಡೋಸ್‌ನಲ್ಲಿ ಫೂಬಾರ್2000, ಮ್ಯೂಸಿಕ್‌ಬೀ, ಲಿನಕ್ಸ್‌ನಲ್ಲಿ ಸ್ಟ್ರಾಬೆರಿ, ಹೀಗೆ ನಿಮಗೆ ಇಷ್ಟವಾದದ್ದು ಬಳಸಿ. ಲೈಬ್ರರಿ ಸೆಟ್ಟಿಂಗ್‌ನಲ್ಲಿ ಹೊಸ ಡ್ರೈವ್ ತೋರಿಸಿದರೆ ಅದು ಒಮ್ಮೆ ಎಲ್ಲ ಫೈಲ್‌ಗಳ ಟ್ಯಾಗ್ ಓದಿಕೊಳ್ಳುತ್ತದೆ. ಮೊದಲ ಸಲ ಸ್ವಲ್ಪ ಹೊತ್ತು ಹಿಡಿಯುತ್ತದೆ.

ಹೀಗೆ ಓದಿಕೊಂಡದ್ದನ್ನು ಪ್ಲೇಯರ್ ತನ್ನದೇ ಡೇಟಾಬೇಸ್‌ನಲ್ಲಿ ಇಟ್ಟುಕೊಳ್ಳುತ್ತದೆ. ಆ ಡೇಟಾಬೇಸ್ ಆಯಾ ಕಂಪ್ಯೂಟರ್‌ನಲ್ಲೇ ಇರಲಿ. ಅದನ್ನೂ ನೆಟ್‌ವರ್ಕ್ ಡ್ರೈವ್‌ಗೆ ಸಾಗಿಸಿ ಎಲ್ಲರೂ ಒಂದನ್ನೇ ಬಳಸೋಣ ಅನ್ನುವ ಆಸೆ ಸಹಜ. ಬೇಡ. ಎರಡು ಕಂಪ್ಯೂಟರ್ ಒಟ್ಟಿಗೆ ತೆರೆದ ದಿನ ಅದು ಕೆಡುವ ಅಪಾಯ ಇದೆ. ಎಷ್ಟೋ ಪ್ಲೇಯರ್‌ಗಳು ಬಳಸುವ ಎಸ್‌ಕ್ಯೂಲೈಟ್ ಡೇಟಾಬೇಸನ್ನು ನೆಟ್‌ವರ್ಕ್ ಡ್ರೈವ್‌ನಲ್ಲಿಟ್ಟು ಹಲವರು ಬಳಸಬೇಡಿ ಅಂತ ಅದನ್ನು ಮಾಡಿದವರೇ ಎಚ್ಚರಿಸುತ್ತಾರೆ.

ಮ್ಯಾಕ್‌ನ ಮ್ಯೂಸಿಕ್ ಆ್ಯಪ್ ಬಳಸುವವರು ಹಾಡು ಸೇರಿಸುವ ಮುಂಚೆ ಅದರ ಸೆಟ್ಟಿಂಗ್ಸ್‌ನ ಫೈಲ್ಸ್ ವಿಭಾಗಕ್ಕೆ ಹೋಗಿ, ಸೇರಿಸಿದ ಹಾಡನ್ನು ತನ್ನ ಫೋಲ್ಡರ್‌ಗೆ ಕಾಪಿ ಮಾಡುವ ಟಿಕ್ ತೆಗೆಯಬೇಕು. ಇಲ್ಲದಿದ್ದರೆ ಇಡೀ ಸಂಗ್ರಹ ನಿಮ್ಮ ಲ್ಯಾಪ್‌ಟಾಪ್‌ಗೆ ಇಳಿಯಲು ಶುರುವಾಗುತ್ತದೆ. ಇನ್ನೊಂದು ಎಚ್ಚರಿಕೆ ಎಲ್ಲ ಪ್ಲೇಯರ್‌ಗೂ ಸೇರಿದ್ದು: ಸರ್ವರ್, ಅಂದರೆ ಹಾಡು ಇರುವ ಯಂತ್ರ, ಆಫ್ ಆಗಿದ್ದಾಗ 'ಕಾಣೆಯಾದ ಹಾಡುಗಳನ್ನು ತೆಗೆಯಲೇ?' ಅಂತ ಕೇಳಿದರೆ ಹೂಂ ಅನ್ನಬೇಡಿ. ಹಾಡು ಎಲ್ಲೂ ಹೋಗಿರುವುದಿಲ್ಲ, ನಿಮ್ಮ ರೇಟಿಂಗ್, ಕೇಳಿದ ಲೆಕ್ಕ ಮಾತ್ರ ಅಳಿಸಿಹೋಗಬಹುದು.

ಪ್ಲೇಲಿಸ್ಟ್‌ಗಳನ್ನು ಎಂ3ಯು8 ರೂಪದಲ್ಲಿ, ರಿಲೇಟಿವ್ ಪಾತ್ ಆಯ್ಕೆಯಲ್ಲಿ ಸೇವ್ ಮಾಡಿ ಸಂಗ್ರಹದೊಳಗೇ ಒಂದು ಫೋಲ್ಡರ್‌ನಲ್ಲಿಡಿ. ಡ್ರೈವ್ ಅಕ್ಷರ ಸಮೇತ ಪೂರ್ತಿ ದಾರಿ ಬರೆದಿದ್ದರೆ ಆ ಪಟ್ಟಿ ಮ್ಯಾಕ್‌ನಲ್ಲೋ ಲಿನಕ್ಸ್‌ನಲ್ಲೋ ತೆರೆಯುವುದಿಲ್ಲ. ಎಂ3ಯು8 ಯುಟಿಎಫ್-8ರಲ್ಲಿ ಇರುವುದರಿಂದ ಕನ್ನಡ ಹೆಸರುಗಳೂ ಉಳಿಯುತ್ತವೆ.

ಮ್ಯೂಸಿಕ್ ಸರ್ವರ್ ಬೇಕೇ?

ಬರೀ ಎರಡು ಮೂರು ಕಂಪ್ಯೂಟರ್ ಆದರೆ ಇಷ್ಟಕ್ಕೇ ನಿಲ್ಲಿಸಬಹುದು, ಇದೇ ಸಾಕು ಅಂತ ನನಗನ್ನಿಸುತ್ತದೆ. ಫೋನ್‌ನಲ್ಲೂ ಕೇಳಬೇಕು, ಯಾರು ಯಾವ ಹಾಡು ಮೆಚ್ಚಿದರು ಅನ್ನುವುದು ಸರ್ವರ್‌ನಲ್ಲೇ ಉಳಿಯಬೇಕು ಅನ್ನುವವರು ಹಾಡು ಇರುವ ಯಂತ್ರದಲ್ಲಿ ಹಾಕುವ ನ್ಯಾವಿಡ್ರೋಮ್ ಎಂಬ ಮ್ಯೂಸಿಕ್ ಸರ್ವರ್ ಸಾಫ್ಟ್‌ವೇರ್ ನೋಡಿ. ಹಳೆಯ ಯಂತ್ರದಲ್ಲೂ ಹಗುರವಾಗಿ ನಡೆಯುತ್ತದೆ, ಓದುವ ಹಕ್ಕಷ್ಟೇ ಕೊಟ್ಟರೂ ತಕರಾರು ಮಾಡುವುದಿಲ್ಲ. ಬ್ರೌಸರ್‌ನಲ್ಲಿ ಯಂತ್ರದ ವಿಳಾಸದ ಕೊನೆಗೆ ಕೋಲನ್ ಹಾಕಿ 4533 ಎಂಬ ಪೋರ್ಟ್ ಸಂಖ್ಯೆ ಬರೆದರೆ ತೆರೆಯುತ್ತದೆ. ಮ್ಯೂಸಿಕ್ ಸರ್ವರ್‌ಗಳೊಡನೆ ಮಾತಾಡುವ ಸಬ್‌ಸಾನಿಕ್ ಎಂಬ ಭಾಷೆ ಬಲ್ಲ ಯಾವ ಫೋನ್ ಆ್ಯಪ್ ಆದರೂ ಇದಕ್ಕೆ ಹೊಂದುತ್ತದೆ. ಸಿನಿಮಾಗಳೂ ಜೊತೆಗಿದ್ದರೆ ಜೆಲ್ಲಿಫಿನ್ ಚೆನ್ನ, ಅದರ ಪೋರ್ಟ್ 8096. ಹಲವು ಕೋಣೆಗಳಲ್ಲಿ ಒಂದೇ ಹಾಡು ಒಂದೇ ತಾಳದಲ್ಲಿ ಬರಬೇಕೆಂದರೆ ಲಿರಿಯನ್ ಮ್ಯೂಸಿಕ್ ಸರ್ವರ್ ಇದೆ. ಟಿವಿಗಳಿಗೆ ಡಿಎಲ್‌ಎನ್‌ಎ (ಮನೆಯ ನೆಟ್‌ವರ್ಕ್‌ನಲ್ಲಿ ಹಾಡು, ವಿಡಿಯೋ ಹಂಚುವ ಪದ್ಧತಿ) ಸಾಕು. ಆದರೆ ಅದರಲ್ಲಿ ಸಾಮಾನ್ಯವಾಗಿ ಪಾಸ್‌ವರ್ಡ್ ಇರುವುದಿಲ್ಲ, ನೆಟ್‌ವರ್ಕ್‌ಗೆ ಬಂದವರಿಗೆಲ್ಲ ಹಾಡು ಕಾಣುತ್ತದೆ.

ಬ್ಯಾಕಪ್ ಮತ್ತು ಬೀಗ

ಎಲ್ಲ ಒಂದೇ ಕಡೆ ಇಟ್ಟ ಮೇಲೆ ಆ ಡಿಸ್ಕ್ ಹೋದರೆ ಎಲ್ಲವೂ ಹೋದ ಹಾಗೆ. ನ್ಯಾಸ್‌ನಲ್ಲಿ ಎರಡು ಡಿಸ್ಕ್ ಜೋಡಿಸಿ, ಎರಡರಲ್ಲೂ ಒಂದೇ ಪ್ರತಿ ಇರುವಂತೆ ರೇಡ್ ಮಾಡಿದ್ದರೆ ಅದು ಬ್ಯಾಕಪ್ ಅಲ್ಲ. ಒಂದರಲ್ಲಿ ಅಳಿಸಿದ್ದು ಇನ್ನೊಂದರಲ್ಲೂ ಆ ಕ್ಷಣವೇ ಅಳಿಯುತ್ತದೆ. ಬೇರೆ ಡಿಸ್ಕ್‌ಗೆ ಕಾಪಿ ಮಾಡಿ, ಕಳಚಿ ಎತ್ತಿಡಿ. ಫ್ರೀಫೈಲ್‌ಸಿಂಕ್, ಆರ್‌ಸಿಂಕ್ ತರಹದವು ಬದಲಾದದ್ದನ್ನು ಮಾತ್ರ ಕಾಪಿ ಮಾಡುವುದರಿಂದ ಎರಡನೆಯ ಸಲದಿಂದ ಬೇಗ ಮುಗಿಯುತ್ತದೆ. ಬ್ಯಾಕಪ್ ಅನ್ನು ಮೂಲದ ತದ್ರೂಪ ಮಾಡುವ ಮಿರರ್ ಆಯ್ಕೆ ಒತ್ತುವ ಮುಂಚೆ ಏನೇನು ಅಳಿಸುತ್ತೇನೆ ಅಂತ ಅದು ತೋರಿಸುವ ಪಟ್ಟಿಯನ್ನು ಓದಿ. ತಪ್ಪಾಗಿ ಅಳಿಸಿದ ಆಲ್ಬಂ ಅಲ್ಲೇ ಕಣ್ಣಿಗೆ ಬೀಳುತ್ತದೆ.

ಮನೆಯ ಹೊರಗಿಂದಲೂ ಕೇಳಬೇಕು ಅಂತ ರೌಟರ್‌ನಲ್ಲಿ ಎಸ್‌ಎಂಬಿ ಬಳಸುವ 445ನೇ ಪೋರ್ಟ್ ಯಾವ ಕಾರಣಕ್ಕೂ ತೆರೆಯಬೇಡಿ. ಎಸ್‌ಎಂಬಿ ಮನೆಯೊಳಗಿನ ವ್ಯವಹಾರ. ಹೊರಗಿಂದ ಬರಲು ವೈರ್‌ಗಾರ್ಡ್ ತರಹದ ವಿಪಿಎನ್ (ಹೊರಗಿಂದ ಮನೆಯ ನೆಟ್‌ವರ್ಕ್‌ಗೆ ಬರುವ ಗುಪ್ತ ದಾರಿ) ಹಾಕಿಕೊಳ್ಳಿ.

ಹಾಡು ಕಾಣದಿದ್ದರೆ

ಸರ್ವರ್ ಎದ್ದಿದೆಯಾ, ಅದರ ವಿಳಾಸ ಹಿಂದಿನದೇ ಇದೆಯಾ, ಮೊದಲು ಇವೆರಡು ನೋಡಿ. ಯಂತ್ರದ ಹೆಸರಿನಿಂದ ತೆರೆಯದೆ ವಿಳಾಸದಿಂದ ತೆರೆದರೆ ಹೆಸರು ಹುಡುಕುವುದರಲ್ಲಷ್ಟೇ ತೊಂದರೆ, ವಿಳಾಸವನ್ನೇ ಬಳಸಿ. ಒಂದು ಕಂಪ್ಯೂಟರ್‌ಗೆ ಮಾತ್ರ ಕಾಣದಿದ್ದರೆ ಅದು ಗೆಸ್ಟ್ ವೈಫೈಗೆ ಸೇರಿಕೊಂಡಿರಬಹುದು. ಗೆಸ್ಟ್ ನೆಟ್‌ವರ್ಕ್‌ನಲ್ಲಿರುವವರಿಗೆ ಮನೆಯ ಉಳಿದ ಯಂತ್ರಗಳು ಕಾಣದಂತೆ ರೌಟರ್ ತಡೆಯುತ್ತದೆ. ಪಾಸ್‌ವರ್ಡ್ ಸರಿಯಿದ್ದೂ ವಿಂಡೋಸ್ ತಪ್ಪು ಅನ್ನುತ್ತಿದ್ದರೆ ಕಂಟ್ರೋಲ್ ಪ್ಯಾನೆಲ್‌ನ ಕ್ರೆಡೆನ್ಷಿಯಲ್ ಮ್ಯಾನೇಜರ್ ತೆರೆದು, ಆ ವಿಳಾಸಕ್ಕೆ ಸೇವ್ ಆಗಿರುವ ಹಳೆಯ ಹೆಸರು ಪಾಸ್‌ವರ್ಡ್ ಅಳಿಸಿ, ಮತ್ತೆ ಲಾಗಿನ್ ಆಗಿ. ಹಾಡು ಮಧ್ಯೆ ಮಧ್ಯೆ ತಡವರಿಸಿದರೆ ಆ ಕಂಪ್ಯೂಟರನ್ನು ತಾತ್ಕಾಲಿಕವಾಗಿ ತಂತಿಯಲ್ಲಿ ಜೋಡಿಸಿ ಕೇಳಿ. ತಂತಿಯಲ್ಲಿ ಸರಿಯಾಗಿದ್ದರೆ ತಪ್ಪು ವೈಫೈದು. ರೌಟರ್‌ನ ಜಾಗ ಬದಲಿಸಿ, ಅಥವಾ ಪ್ಲೇಯರ್‌ನಲ್ಲಿ ಬಫರ್ (ಮುಂಚೆಯೇ ಓದಿಟ್ಟುಕೊಳ್ಳುವ ಭಾಗ) ಹೆಚ್ಚಿಸಿ. ಫೂಬಾರ್2000ದಲ್ಲಿ ಇಡೀ ಫೈಲನ್ನು ಮೊದಲೇ ಮೆಮೊರಿಗೆ ಎಳೆದುಕೊಳ್ಳುವ ಆಯ್ಕೆ ಇದೆ, ದೂರದ ಕೋಣೆಯ ಲ್ಯಾಪ್‌ಟಾಪ್‌ಗೆ ಅದನ್ನು ಆನ್ ಮಾಡಿ.